ಗಜಕರ್ಣಕ್ಕೆ ಮದ್ದು: ಹಚ್ಚುವುದೋ, ನುಂಗುವುದೋ?

ಅರಸೀಕೆರೆ ಸೀಮೆಯಲ್ಲಿ ತೆಂಗಿನ ಮರಕ್ಕೆ ಅಣಬೆ ರೋಗ ಬಂದಾಗ ರೈತರು ಮಾಡುವ ಉಪಚಾರವನ್ನು ನೀವು ನೋಡಿರಬಹುದು. ಬುಡದ ಮಣ್ಣು ಬಿಡಿಸಿ, ಪೆನ್ಸಿಲ್ ಗಾತ್ರದ ಜೀವವಿರುವ ಬೇರೊಂದನ್ನು ಹುಡುಕುತ್ತಾರೆ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಅದ್ದಿ ದಾರ ಕಟ್ಟುತ್ತಾರೆ. ಬೇರು ಹೀರಿಕೊಂಡ ಮದ್ದು ಮರದೊಳಗೆ ಏರಬೇಕು. ರೋಗ ಕೂತಿರುವುದು ಬೇರಿನಲ್ಲಿ, ಕಾಂಡದ ಒಳಗೆ. ಗರಿಗೆ ಎಷ್ಟು ಸಿಂಪಡಿಸಿದರೂ ಅಲ್ಲಿಗೆ ಮುಟ್ಟದು.

ಅಲ್ಲಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿನ ಕಾಫಿ ತೋಟಗಳ ಕಡೆ ಹೋದರೆ ಕ್ರಮವೇ ಬೇರೆ. ಮುಂಗಾರು ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಎಲೆಗಳ ಅಡಿಭಾಗ ಚೆನ್ನಾಗಿ ನೆನೆಯುವಂತೆ ಹೊಡೆಯುತ್ತಾರೆ. ಎಲೆ ತುಕ್ಕು ರೋಗದ ಶಿಲೀಂಧ್ರ ಒಳಹೊಗುವುದು ಎಲೆಯ ಅಡಿಯಿಂದ. ಬಾಗಿಲಲ್ಲೇ ತಡೆದರೆ ಸಾಕು, ಬೇರಿಗೆ ಮದ್ದು ಉಣಿಸಬೇಕಾಗಿಲ್ಲ.

ಶಿಲೀಂಧ್ರ ಎಲ್ಲಿ ಕೂತಿದೆ, ಎಷ್ಟು ಆಳಕ್ಕೆ ಇಳಿದಿದೆ, ಎಷ್ಟಕ್ಕೆ ಹಬ್ಬಿದೆ ಎಂದು ನೋಡಿ ಮದ್ದಿನ ದಾರಿ ಗೊತ್ತುಮಾಡುವ ವಿವೇಕ ಈ ಸೀಮೆಯ ಬೇಸಾಯಗಾರರಿಗೆ ಹೊಸದಲ್ಲ. ಆದರೆ ಅವರ ಸೊಂಟದಲ್ಲೋ ತೊಡೆಸಂದಿಯಲ್ಲೋ ದುಂಡನೆಯ ಕೆಂಪು ಕಲೆ ಎದ್ದು ನವೆ ಶುರುವಾದಾಗ ಈ ವಿವೇಕ ನೆನಪಾಗುವುದಿಲ್ಲ. ನೇರವಾಗಿ ಮೆಡಿಕಲ್ ಸ್ಟೋರಿಗೆ ಹೋಗಿ, ‘ಕಡಿತಕ್ಕೆ ಒಂದು ಟ್ಯೂಬ್ ಕೊಡಿ’ ಎಂದು ಕೇಳುತ್ತಾರೆ. ವಾರ ಹಚ್ಚುತ್ತಾರೆ, ಬಿಡುತ್ತಾರೆ, ಮತ್ತೆ ಬರುತ್ತದೆ. ಕೆಲವರಿಗೆ ಹಚ್ಚುವುದರ ಮೇಲೆ ನಂಬಿಕೆಯಿಲ್ಲ, ‘ಮೇಲೆ ಸವರಿದ್ರೆ ಏನಾಗುತ್ತೆ, ಒಳಗಿಂದ ಹೋಗ್ಬೇಕು’ ಅನ್ನುತ್ತಾರೆ. ಇನ್ನು ಕೆಲವರಿಗೆ ಮಾತ್ರೆ ಎಂದರೆ ಭಯ, ‘ಹೀಟ್ ಆಗುತ್ತೆ’ ಎಂದು ಅರ್ಧಕ್ಕೇ ಬಿಡುತ್ತಾರೆ.

ಹಚ್ಚುವುದು ಮೇಲೋ, ನುಂಗುವುದು ಮೇಲೋ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನ ಕೊಡುವ ಉತ್ತರ ತೋಟದ ಉತ್ತರಕ್ಕೆ ತುಂಬ ಹತ್ತಿರ. ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಹುಳುವಿಲ್ಲದ ಹುಳುಕಡ್ಡಿ

ನಮ್ಮ ಕಡೆ ಇದಕ್ಕೆ ಹುಳುಕಡ್ಡಿ ಎಂದು ಹೆಸರು, ಗಜಕರ್ಣ ಎಂದೂ ಕರೆಯುತ್ತಾರೆ. ಹುಳುಕಡ್ಡಿಯಲ್ಲಿ ಹುಳು ಇಲ್ಲ. ಗಜಕರ್ಣ ಎಂಬ ಹೆಸರಾದರೂ ಹೊಂದುತ್ತದೆ: ತಿಂಗಳುಗಟ್ಟಲೆ ಕೆರೆದು ದಪ್ಪಗಟ್ಟಿ, ಕಪ್ಪಿಟ್ಟು, ಒರಟಾದ ಚರ್ಮವನ್ನು ಕಂಡವರಿಗೆ ಆನೆಯ ಕಿವಿ ನೆನಪಾದರೆ ಆಶ್ಚರ್ಯವಿಲ್ಲ.

ಇದಕ್ಕೆ ಕಾರಣವಾದ ಶಿಲೀಂಧ್ರಗಳ ಆಹಾರ ಕೆರಾಟಿನ್. ನಮ್ಮ ಚರ್ಮದ ಅತಿ ಮೇಲಿನ ಸತ್ತ ಪದರ, ಕೂದಲು, ಉಗುರು, ದನದ ಕೊಂಬು, ಗೊರಸು ಎಲ್ಲವೂ ಆಗಿರುವುದು ಈ ಪ್ರೋಟೀನಿನಿಂದ. ಟ್ರೈಕೋಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೋಫೈಟಾನ್ ಎಂಬ ಮೂರು ಕುಲದ ಶಿಲೀಂಧ್ರಗಳು ಇದನ್ನೇ ತಿಂದು ಬದುಕುತ್ತವೆ. ಆರೋಗ್ಯವಂತರಲ್ಲಿ ಇವು ಸಾಮಾನ್ಯವಾಗಿ ಜೀವಂತ ಚರ್ಮದೊಳಕ್ಕೆ ಇಳಿಯುವುದಿಲ್ಲ. ಮೇಲ್ಪದರದಲ್ಲಿ ಸುತ್ತಲೂ ಹಬ್ಬುತ್ತ ಹೋಗುತ್ತವೆ. ಅಂಚಿನಲ್ಲಿ ಹೊಸ ಶಿಲೀಂಧ್ರ ಮುಂದೆ ಸಾಗುತ್ತಿರುವಾಗ ನಡುಭಾಗ ವಾಸಿಯಾದಂತೆ ತಿಳಿಯಾಗುತ್ತದೆ. ಹಾಗಾಗಿಯೇ ಉಂಗುರದ ಆಕಾರ.

ಇವುಗಳ ಜೊತೆಗೆ ಗೊಂದಲವಾಗುವ ಇನ್ನೊಂದು ತೊಂದರೆ ಚಿಬ್ಬು. ಬೆನ್ನು, ಎದೆ, ಕುತ್ತಿಗೆಯ ಮೇಲೆ ಬಿಳಿಯ ಅಥವಾ ಕಂದು ಬಣ್ಣದ ಸಣ್ಣ ಮಚ್ಚೆಗಳು, ಉಜ್ಜಿದರೆ ಹೊಟ್ಟಿನಂಥ ಪುಡಿ. ಇದು ಮಲಸೀಜಿಯ ಎಂಬ ಬೇರೆ ಜಾತಿಯ ಶಿಲೀಂಧ್ರದ ಕೆಲಸ. ಎಲ್ಲರ ಚರ್ಮದ ಜಿಡ್ಡಿನಲ್ಲೂ ಅದು ಇದ್ದೇ ಇರುತ್ತದೆ, ಬೆವರು ಹೆಚ್ಚಾದಾಗ ಮಿತಿಮೀರುತ್ತದೆ. ಇದಕ್ಕೂ ತೊನ್ನಿಗೂ ಸಂಬಂಧವಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡಬೇಕು. ಬಿಳಿಚಿದ ಅಥವಾ ತಾಮ್ರವರ್ಣದ ಮಚ್ಚೆಯಿದ್ದು, ಅದರಲ್ಲಿ ನವೆಯೂ ಇಲ್ಲ, ಮುಟ್ಟಿದರೆ ಸ್ಪರ್ಶವೂ ಗೊತ್ತಾಗುವುದಿಲ್ಲ ಎಂದಾದರೆ ಅದಕ್ಕೆ ಯಾವ ಟ್ಯೂಬನ್ನೂ ಹಚ್ಚಬೇಡಿ. ಅದು ಕುಷ್ಠರೋಗದ ಗುರುತಾಗಿರಬಹುದು. ಕುಷ್ಠರೋಗದ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬೇಗ ಹೋದಷ್ಟೂ ಪೂರ್ತಿ ಗುಣ.

ಹಚ್ಚುವ ಮದ್ದಿನ ಶಕ್ತಿ, ಮಿತಿ

ಒಂದೆರಡು ಕಡೆ ಮಾತ್ರ ಎದ್ದಿರುವ, ಹೊಸದಾದ, ಹಿಂದೆ ಏನನ್ನೂ ಹಚ್ಚಿರದ ಹುಳುಕಡ್ಡಿಗೆ ಮುಲಾಮೇ ಸಾಕು. ಶಿಲೀಂಧ್ರ ಇರುವುದು ಮೇಲ್ಪದರದಲ್ಲಿ, ಮದ್ದು ಬೀಳುವುದೂ ಅಲ್ಲಿಗೇ. ರಕ್ತಕ್ಕೆ ಸೇರುವ ಪಾಲು ತೀರಾ ಕಡಿಮೆ, ಆದ್ದರಿಂದ ಬೇರೆ ಅಂಗಗಳಿಗೆ ತೊಂದರೆಯ ಭಯವೂ ಇಲ್ಲ.

ಇಂಥ ಮದ್ದುಗಳ ಇತಿಹಾಸ ದೊಡ್ಡದು. ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ 1907ರಲ್ಲಿ ಬೆಂಜೋಯಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲ ಸೇರಿಸಿದ ಮುಲಾಮನ್ನು ಪ್ರಚಾರಕ್ಕೆ ತಂದರು. ಶೇ 6 ಮತ್ತು ಶೇ 3ರ ಆ ಮಿಶ್ರಣ ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇತ್ತು. 1960ರ ದಶಕದ ಕೊನೆಗೆ ಕ್ಲೋಟ್ರಿಮಝೋಲ್, ಮೈಕೊನಝೋಲ್ ಬಂದವು. ಆಮೇಲೆ ಟರ್ಬಿನಾಫೈನ್, ಲುಲಿಕೊನಝೋಲ್, ಅಮೊರಾಲ್ಫಿನ್ ಮುಲಾಮುಗಳು. ಹಚ್ಚುವ ಮದ್ದುಗಳ ಮೇಲೆ ಜಗತ್ತಿನಾದ್ಯಂತ ನಡೆದ 129 ಪ್ರಯೋಗಗಳನ್ನು, ಅವುಗಳಲ್ಲಿ ಪಾಲ್ಗೊಂಡ 18,086 ಜನರ ಫಲಿತಾಂಶವನ್ನು ಕಾಕ್ರೇನ್ ಸಂಸ್ಥೆ 2014ರಲ್ಲಿ ಒಟ್ಟುಗೂಡಿಸಿ ನೋಡಿತು. ಮೈಮೇಲಿನ, ತೊಡೆಸಂದಿನ ಹುಳುಕಡ್ಡಿಗೆ ಈ ಮುಲಾಮುಗಳು ಕೆಲಸ ಮಾಡುತ್ತವೆ ಎಂಬುದು ಅದರಲ್ಲಿ ಕಂಡುಬಂತು.

ಹಾಗಿದ್ದರೂ ಅನೇಕರಿಗೆ ಗುಣವಾಗದಿರಲು ಮುಖ್ಯ ಕಾರಣ ಹಚ್ಚುವ ರೀತಿ. ತೋರುಬೆರಳಿನ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಮುಲಾಮು ಬರುತ್ತದೆ. ಅದು ದೊಡ್ಡವರ ಎರಡು ಅಂಗೈ ಅಗಲದ, ಬೆರಳುಗಳೂ ಸೇರಿ, ಜಾಗಕ್ಕೆ ಸರಿಹೋಗುತ್ತದೆ. ಎರಡೂ ತೊಡೆಸಂದು, ಸೊಂಟ ಸೇರಿ ಎಂಟು ಅಂಗೈ ಅಗಲಕ್ಕೆ ಹಬ್ಬಿದೆ ಎಂದುಕೊಳ್ಳಿ. ಒಂದು ಸಲಕ್ಕೆ ಎರಡು ಗ್ರಾಂ, ದಿನಕ್ಕೆರಡು ಸಲವಾದರೆ ನಾಲ್ಕು ಗ್ರಾಂ. 15 ಗ್ರಾಂ ಟ್ಯೂಬು ನಾಲ್ಕು ದಿನಕ್ಕೂ ಬಾರದು. ನಾಲ್ಕು ವಾರಕ್ಕೆ ಏಳೆಂಟು ಟ್ಯೂಬು ಬೇಕು. ಅದೇ ಒಂದು ಟ್ಯೂಬನ್ನು ಮನೆಮಂದಿಯೆಲ್ಲ ಸೇರಿ ತಿಂಗಳು ಸವರಿದರೆ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ಕಾಫಿ ಗಿಡಕ್ಕೆ ಡ್ರಮ್ಮಿನ ಬದಲು ಚೊಂಬಿನಲ್ಲಿ ದ್ರಾವಣ ಚಿಮುಕಿಸಿದ ಹಾಗೆ.

ಎರಡನೆಯದು, ಹಚ್ಚಬೇಕಾದ ಜಾಗ. ಕಲೆ ಕಾಣುವಷ್ಟಕ್ಕೆ ಹಚ್ಚಿದರೆ ಸಾಲದು. ಅಂಚಿನಾಚೆ ಚೆನ್ನಾಗಿಯೇ ಇರುವಂತೆ ತೋರುವ ಚರ್ಮದಲ್ಲಿ ಶಿಲೀಂಧ್ರದ ಎಳೆಗಳು ಆಗಲೇ ಮುಂದೆ ಹೋಗಿರುತ್ತವೆ. ಆದ್ದರಿಂದ ಎರಡು ಸೆಂಟಿಮೀಟರಿನಷ್ಟು ಹೊರಗಿನಿಂದ ಶುರುಮಾಡಿ ಒಳಗಡೆಗೆ ಹಚ್ಚಿಕೊಂಡು ಬರಬೇಕು. ಮೂರನೆಯದು ಅವಧಿ. ನವೆ ನಿಂತ ದಿನ ಮದ್ದು ನಿಲ್ಲಿಸುವವರೇ ಹೆಚ್ಚು. ನಮ್ಮ ಮೇಲ್ಚರ್ಮ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಹಳೆಯ ಪದರ ಶಿಲೀಂಧ್ರದ ಸಮೇತ ಉದುರಿಹೋಗುವ ತನಕ ಕಾಯಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚುವುದು ಒಳ್ಳೆಯ ರೂಢಿ.

ಮುಲಾಮಿಗೆ ನಿಲುಕದ ಜಾಗಗಳೂ ಇವೆ. ಉಗುರು ಅದರಲ್ಲಿ ಒಂದು. ಗಟ್ಟಿಯಾದ ಆ ಫಲಕ ದಾಟಿ ಮದ್ದು ಅಡಿಗೆ ಇಳಿಯುವುದು ಕಷ್ಟ. ಇನ್ನೊಂದು ತಲೆಯ ಚರ್ಮ. ಮಕ್ಕಳ ತಲೆಯಲ್ಲಿ ಕೂದಲು ತುಂಡಾಗಿ ಬೋಳಾದ ತೇಪೆಗಳು ಕಂಡರೆ ಶಿಲೀಂಧ್ರ ಕೂದಲಿನ ಬುಡದೊಳಕ್ಕೆ ಇಳಿದಿದೆ ಎಂದು ಅರ್ಥ. ಅಲ್ಲಿಗೆ ಎಣ್ಣೆಯೂ ಮುಟ್ಟದು, ಮುಲಾಮೂ ಮುಟ್ಟದು. ಮೈಮೇಲಿನ ಸಣ್ಣ ರೋಮಗಳ ಬುಡಕ್ಕೆ ಇಳಿದಾಗಲೂ ಇದೇ ಕಥೆ.

ನುಂಗುವ ಮಾತ್ರೆ ಒಳಗಿಂದ ಬರುವ ಬಗೆ

ಇಲ್ಲಿಂದ ಮುಂದೆ ಬೇರಿಗೆ ಮದ್ದು ಉಣಿಸುವ ಕೆಲಸ. ಮಾತ್ರೆಯ ಔಷಧಿ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಚರ್ಮಕ್ಕೆ ಹೋಗುತ್ತದೆ. ಟರ್ಬಿನಾಫೈನ್, ಇಟ್ರಾಕೊನಝೋಲ್ ಎರಡಕ್ಕೂ ಜಿಡ್ಡಿನ ಸ್ನೇಹ ಹೆಚ್ಚು. ಚರ್ಮದ ಜಿಡ್ಡಿನ ಜೊತೆ ಮೇಲೆ ಬಂದು ಕೆರಾಟಿನ್ನಿಗೆ ಅಂಟಿಕೊಳ್ಳುತ್ತವೆ. ಹೊಸದಾಗಿ ಹುಟ್ಟುವ ಚರ್ಮಕೋಶ, ಬೆಳೆಯುವ ಉಗುರು, ಕೂದಲು ಮದ್ದನ್ನು ಹೊತ್ತುಕೊಂಡೇ ಹುಟ್ಟುತ್ತವೆ. ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ವಾರ ಅದು ಅಲ್ಲೇ ಉಳಿದಿರುತ್ತದೆ.

ಈ ದಾರಿ ವೈದ್ಯರಿಗೆ ಸಿಕ್ಕಿ ಇನ್ನೂ 70 ವರ್ಷವೂ ಆಗಿಲ್ಲ. ಗ್ರೈಸಿಯೋಫಲ್ವಿನ್ ಎಂಬ ವಸ್ತುವನ್ನು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ 1939ರಲ್ಲೇ ಬೇರ್ಪಡಿಸಿದ್ದರೂ, ಅದನ್ನು ನುಂಗಿಸಿದರೆ ಹುಳುಕಡ್ಡಿ ವಾಸಿಯಾಗುತ್ತದೆಂದು ಗೊತ್ತಾದದ್ದು 1958ರ ಸುಮಾರಿಗೆ. ಅದಕ್ಕೂ ಮುಂಚೆ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್-ರೇ ಹಾಯಿಸಿ ಕೂದಲು ಉದುರಿಸುವ ಕ್ರೂರ ಕ್ರಮವಿತ್ತು. ಒಂದು ಮಾತ್ರೆ ಆ ಯಾತನೆಯನ್ನು ಕೊನೆಗಾಣಿಸಿತು. ಮುಂದೆ 1990ರ ದಶಕದಲ್ಲಿ ಫ್ಲುಕೊನಝೋಲ್, ಇಟ್ರಾಕೊನಝೋಲ್, ಟರ್ಬಿನಾಫೈನ್ ಮಾತ್ರೆಗಳು ಬಳಕೆಗೆ ಬಂದವು.

ಇವುಗಳಲ್ಲಿ ಹೆಚ್ಚಿನವು ಹೊಡೆಯುವುದು ಒಂದೇ ಗುರಿಗೆ. ಶಿಲೀಂಧ್ರದ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಜಿಡ್ಡು ಬೇಕು, ಗೋಡೆಗೆ ಗಾರೆ ಬೇಕಾದ ಹಾಗೆ. ನಮ್ಮ ಕೋಶಗಳಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇದೆ. ಟರ್ಬಿನಾಫೈನ್ ಈ ಗಾರೆ ತಯಾರಾಗುವ ಮೊದಲ ಹಂತಗಳಲ್ಲೊಂದನ್ನು ತಡೆಯುತ್ತದೆ, ‘ಝೋಲ್’ ಎಂದು ಕೊನೆಯಾಗುವ ಮದ್ದುಗಳು ಮುಂದಿನ ಹಂತವೊಂದನ್ನು. ತೆಂಗಿನ ಬೇರಿಗೆ ಉಣಿಸುವ, ಕಾಫಿ ಗಿಡಕ್ಕೆ ಹೊಡೆಯುವ ಹೆಕ್ಸಕೊನಝೋಲ್ ಕೂಡ ಇದೇ ಝೋಲ್ ಮನೆತನದ್ದು. ತೋಟದ ಮದ್ದಿಗೂ ಮೈಯ ಮದ್ದಿಗೂ ಇರುವ ಹೋಲಿಕೆ ಬರೀ ಮಾತಿನ ಹೋಲಿಕೆಯಲ್ಲ.

ಹಾಗಾದರೆ ಮಾತ್ರೆ ಯಾವಾಗ? ತಲೆಯ ಹುಳುಕಡ್ಡಿಗೆ ಮಾತ್ರೆ ಬೇಕೇ ಬೇಕು. ಉಗುರಿನ ಸೋಂಕಿಗೆ ಬಹುಪಾಲು ಬೇಕು: ಟರ್ಬಿನಾಫೈನ್ ಆದರೆ ಕೈಯುಗುರಿಗೆ ಸಾಮಾನ್ಯವಾಗಿ ಆರು ವಾರ, ಕಾಲುಗುರಿಗೆ 12 ವಾರ. ಮದ್ದು ಮುಗಿದ ಮೇಲೂ ಕಾಲುಗುರು ಹೊಸದಾಗಿ ಬೆಳೆದು ಬರಲು ವರ್ಷದ ಮೇಲೆ ಹಿಡಿಯುತ್ತದೆ, ಆತುರಪಡಬಾರದು. ಮೈಯ ಹಲವು ಕಡೆ ಹಬ್ಬಿದ, ಮತ್ತೆ ಮತ್ತೆ ಮರುಕಳಿಸುವ, ಮುಲಾಮಿಗೆ ಬಗ್ಗದ ಹುಳುಕಡ್ಡಿಗೂ ಮಾತ್ರೆ ಬೇಕು. ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಂದಿದವರ ವಿಷಯದಲ್ಲಿ ವೈದ್ಯರು ಬೇಗ ಮಾತ್ರೆಯ ಕಡೆ ಹೊರಳುತ್ತಾರೆ. ಚಿಬ್ಬಿಗೆ ಮಾತ್ರ ಲೆಕ್ಕ ತಿರುವುಮುರುವು. ಅಲ್ಲಿ ಟರ್ಬಿನಾಫೈನ್ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ, ಕೀಟೊಕೊನಝೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಲೋಷನ್ ಮೈಗೆ ಹಚ್ಚಿ ತೊಳೆದರೇ ಹೆಚ್ಚಿನವರಿಗೆ ಗುಣ. ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಬೇಕು.

ಆಲೂಗಡ್ಡೆ ಹೊಲ ಕಲಿಸಿದ ಪಾಠ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದ ಹುಳುಕಡ್ಡಿ ಬದಲಾಗಿದೆ. ಹಿಂದೆ ಎರಡು ವಾರದಲ್ಲಿ ಅಡಗುತ್ತಿದ್ದ ಕಾಯಿಲೆ ಈಗ ತಿಂಗಳುಗಟ್ಟಲೆ ಕಾಡುತ್ತದೆ, ಇಡೀ ಮನೆಗೆ ಹಬ್ಬುತ್ತದೆ. ಇದರ ಹಿಂದಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಅದರಲ್ಲಿ ಅನೇಕ ತಳಿಗಳು ಟರ್ಬಿನಾಫೈನ್‌ಗೆ ಬಗ್ಗುವುದಿಲ್ಲ. ಮದ್ದು ಹಿಡಿಯಬೇಕಾದ ಕಿಣ್ವದ ಜೀನಿನಲ್ಲೇ ಒಂದೆರಡು ಅಕ್ಷರ ಬದಲಾಗಿ, ಬೀಗಕ್ಕೆ ಕೀಲಿ ಕೂರದಂತಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರ ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರಲ್ಲಿ ಇದನ್ನು ಗುರುತಿಸಿ ವರದಿ ಮಾಡಿತು. ಅವರಲ್ಲೊಬ್ಬರು ಬಾಂಗ್ಲಾದೇಶಕ್ಕೆ ಹೋಗಿಬಂದವರು, ಇನ್ನೊಬ್ಬರು ಇತ್ತೀಚೆಗೆ ವಿದೇಶಕ್ಕೆ ಹೋಗಿರಲಿಲ್ಲ.

ಮಾತ್ರೆ ನುಂಗಿದೆವು ಎಂದ ಮಾತ್ರಕ್ಕೆ ಗೆದ್ದೆವು ಎನ್ನಲಾಗದು ಎಂಬುದಕ್ಕೆ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ಸಾಕ್ಷಿ. 200 ರೋಗಿಗಳನ್ನು 50 ಜನರ ನಾಲ್ಕು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಮಾತ್ರೆ ಕೊಟ್ಟರು. ನಾಲ್ಕು ವಾರದ ಹೊತ್ತಿಗೆ ಯಾವ ಗುಂಪಿನಲ್ಲೂ ಶೇ 8ಕ್ಕಿಂತ ಹೆಚ್ಚು ಜನ ಗುಣವಾಗಿರಲಿಲ್ಲ. ಎಂಟು ವಾರಕ್ಕೆ ಇಟ್ರಾಕೊನಝೋಲ್‌ನಲ್ಲಿ ಶೇ 66, ಫ್ಲುಕೊನಝೋಲ್‌ನಲ್ಲಿ ಶೇ 42, ಟರ್ಬಿನಾಫೈನ್‌ನಲ್ಲಿ ಶೇ 28, ಗ್ರೈಸಿಯೋಫಲ್ವಿನ್‌ನಲ್ಲಿ ಶೇ 14 ಜನ ಗುಣವಾದರು. 2020ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಎರಡು ಸಲ ಓದಬೇಕು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಮಾತ್ರೆಯೂ ಎರಡು ತಿಂಗಳ ಕೊನೆಗೆ ಮೂವರಲ್ಲಿ ಒಬ್ಬರನ್ನು ಗುಣಪಡಿಸಿರಲಿಲ್ಲ. ವಾರದ ಕೋರ್ಸ್ ಮುಗಿಸಿ, ‘ಡಾಕ್ಟ್ರ ಔಷಧಿ ಹಿಡೀಲಿಲ್ಲ’ ಎಂದು ಇನ್ನೊಬ್ಬರ ಬಳಿ ಹೋಗುವವರು ಇದನ್ನು ತಿಳಿದಿರಬೇಕು.

ಇಂಥ ಸಂದರ್ಭಕ್ಕೆ ತಜ್ಞರು ಹೇಳುವುದು ಎರಡನ್ನೂ ಒಟ್ಟಿಗೆ ಬಳಸಿ ಎಂದು. ದೇಶದ ಚರ್ಮತಜ್ಞರು, ಶಿಲೀಂಧ್ರತಜ್ಞರು ಸೇರಿ 2018ರಲ್ಲಿ ಒಂದು ಒಮ್ಮತದ ಮಾರ್ಗಸೂಚಿ ಪ್ರಕಟಿಸಿದರು. ನಮ್ಮ ವಿಜಯಪುರದ ಡಾ. ಅರುಣ್ ಇನಾಮದಾರ ಅವರೂ ಆ ತಂಡದಲ್ಲಿದ್ದರು. ಹೊಸ ಕಾಯಿಲೆಗೆ ಮೊದಲು ಝೋಲ್ ಮುಲಾಮು, ಹಟಮಾರಿ ಕಾಯಿಲೆಗೆ ಮಾತ್ರೆ ಮತ್ತು ಮುಲಾಮು ಎರಡೂ. ಹೊಸದಕ್ಕೆ ಕನಿಷ್ಠ ಎರಡರಿಂದ ನಾಲ್ಕು ವಾರ, ಹಟಮಾರಿಗೆ ನಾಲ್ಕು ವಾರಕ್ಕೂ ಹೆಚ್ಚು ಎಂಬುದು ಅದರ ಸಾರ.

ಎರಡೂ ಏಕೆ ಬೇಕು ಎಂಬುದು ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂಗಮಾರಿಗೆ ಅವರು ಹೊಡೆಯುವ ಪುಡಿಯಲ್ಲಿ ಎರಡು ಮದ್ದು ಬೆರೆತಿರುತ್ತವೆ. ಮೆಟಲಾಕ್ಸಿಲ್ ಗಿಡದೊಳಗೆ ಹರಡುತ್ತದೆ, ಮ್ಯಾಂಕೋಜೆಬ್ ಎಲೆಯ ಮೇಲೆ ಕಾವಲು ಕೂರುತ್ತದೆ. ಮೆಟಲಾಕ್ಸಿಲ್ ಒಂದನ್ನೇ ಬಳಸಿದಾಗ 1980ರಷ್ಟು ಹೊತ್ತಿಗೇ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ನ ಹೊಲಗಳಲ್ಲಿ ರೋಗಾಣು ಅದಕ್ಕೆ ಬಗ್ಗದಂತಾಯಿತು. ಆಮೇಲೆ ಜೋಡಿ ಮದ್ದೇ ರೂಢಿಯಾಯಿತು. ಮೈಯಲ್ಲೂ ಹಾಗೆಯೇ: ಮಾತ್ರೆ ಒಳಗಿಂದ ಬರುವಾಗ, ಬೇರೆ ಗುಂಪಿನ ಮುಲಾಮು ಹೊರಗಿಂದ ತಡೆದರೆ ತಪ್ಪಿಸಿಕೊಳ್ಳುವ ದಾರಿ ಕಡಿಮೆಯಾಗುತ್ತದೆ. ಇನ್ನೊಬ್ಬರಿಗೆ ಉದುರಿ ಹರಡುವ ಶಿಲೀಂಧ್ರವೂ ಕಡಿಮೆಯಾಗುತ್ತದೆ.

ನಂಬಿಸಿ ಕೆಡಿಸುವ ಟ್ಯೂಬು

ಹಚ್ಚುವುದೋ ನುಂಗುವುದೋ ಎಂಬ ಚರ್ಚೆಯಲ್ಲಿ ಮರೆಯಾಗಿ ನಿಂತಿರುವ ಮೂರನೆಯದೊಂದಿದೆ. ನಮ್ಮ ಊರುಗಳಲ್ಲಿ ‘ಕಡಿತದ ಟ್ಯೂಬು’ ಎಂದು ಸಿಗುವ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು, ಜೊತೆಗೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಸ್ಟೀರಾಯ್ಡ್ ಎಂದರೆ ಹಲವು ಸಲ ಕ್ಲೊಬೆಟಾಸಾಲ್, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ತೀಕ್ಷ್ಣವಾದವುಗಳಲ್ಲಿ ಒಂದು.

ಅದನ್ನು ಹಚ್ಚಿದ ಎರಡು ದಿನಕ್ಕೆ ನವೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಹಚ್ಚಿಕೊಂಡವರು ಮೆಡಿಕಲ್ ಸ್ಟೋರಿನವರನ್ನು ಹೊಗಳುತ್ತಾರೆ. ಆಗಿರುವುದಾದರೂ ಏನು? ಕೆಂಪು, ನವೆ ಎಲ್ಲ ಶಿಲೀಂಧ್ರದ ವಿರುದ್ಧ ನಮ್ಮ ಮೈ ನಡೆಸುವ ಕಾದಾಟದ ಗುರುತು. ಸ್ಟೀರಾಯ್ಡ್ ಆ ಕಾದಾಟವನ್ನೇ ನಿಲ್ಲಿಸುತ್ತದೆ. ಕಾವಲುಗಾರ ಮಲಗಿದ ತೋಟದಲ್ಲಿ ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ಮೇಲೆ ಹೇಳಿದ 129 ಪ್ರಯೋಗಗಳ ವಿಶ್ಲೇಷಣೆಯಲ್ಲೂ ಇದು ಕಂಡಿತು: ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಹೊರಲಕ್ಷಣಗಳು ಹೆಚ್ಚು ಬೇಗ ತಗ್ಗಿದವು, ಆದರೆ ಶಿಲೀಂಧ್ರ ನಿರ್ಮೂಲವಾಗುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ. 

ಟ್ಯೂಬು ನಿಲ್ಲಿಸಿದ ಕೂಡಲೇ ಕಾಯಿಲೆ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ. ಉಂಗುರದ ಒಳಗೊಂದು ಉಂಗುರ, ಬಳೆಯೊಳಗೆ ಬಳೆ ಇಟ್ಟ ಹಾಗೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೀರುಗಳು ಬೀಳುತ್ತವೆ. ಕಾಯಿಲೆ ವಾಸಿಯಾದರೂ ಅವು ಪೂರ್ತಿ ಹೋಗುವುದಿಲ್ಲ. ರೂಪ ಬದಲಾಗಿರುವುದರಿಂದ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚರ್ಮತಜ್ಞರ ರಾಷ್ಟ್ರೀಯ ಸಂಘ ವರ್ಷಗಳಿಂದ ಈ ದುರ್ಬಳಕೆಯ ವಿರುದ್ಧ ದನಿಯೆತ್ತುತ್ತಿದೆ. ಆದರೆ ಚೀಟಿಯಿಲ್ಲದೆ ಕೇಳುವವರು ಇರುವ ತನಕ ಕೊಡುವವರೂ ಇರುತ್ತಾರೆ.

ಆದ್ದರಿಂದ ಮನೆಯಲ್ಲಿರುವ ಟ್ಯೂಬನ್ನು ಈಗಲೇ ತಿರುವಿ ನೋಡಿ. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಹುಳುಕಡ್ಡಿಗೆ ತಕ್ಕ ಮದ್ದಲ್ಲ. ಓದಲು ಬಾರದಷ್ಟು ಸಣ್ಣ ಅಕ್ಷರವಾದರೆ ಮನೆಯ ಮಕ್ಕಳ ಕೈಲಿ ಓದಿಸಿ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ತಗಚೆಯನ್ನು ಆಯುರ್ವೇದ ಗಜಕರ್ಣಕ್ಕೆ ಹೇಳಿದೆ, ನಮ್ಮ ಹಿರಿಯರೂ ಬಳಸುತ್ತಿದ್ದರು. ಆದರೆ ಮೈತುಂಬ ಹಬ್ಬಿದ ಇಂದಿನ ಹಟಮಾರಿ ಸೋಂಕನ್ನು ಅದೊಂದಕ್ಕೇ ಬಿಟ್ಟು ತಿಂಗಳು ಕಳೆಯುವುದು ಸರಿಯಲ್ಲ. ಬೆಳ್ಳುಳ್ಳಿ ಅರೆದು ಕಟ್ಟುವುದಂತೂ ಬೇಡ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮಾತ್ರೆಗೆ ಬೇಕಾದ ಎಚ್ಚರ

ಬೇರಿನ ಮೂಲಕ ಮದ್ದು ಉಣಿಸಿದ ತೆಂಗಿನ ಮರದಿಂದ ಒಂದಷ್ಟು ದಿನ ಕಾಯಿ ಕೀಳುವುದಿಲ್ಲ. ಒಳಗೆ ಹೋದ ಮದ್ದು ಮರವನ್ನೆಲ್ಲ ಸುತ್ತುತ್ತದೆ ಎಂಬ ತಿಳಿವಳಿಕೆ ಅದು. ಮಾತ್ರೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಶಿಲೀಂಧ್ರ ಜೀವವಿಕಾಸದಲ್ಲಿ ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ನೆಂಟ. ಅದನ್ನು ಮಾತ್ರ ಕೊಂದು ನಮಗೆ ಏನೂ ಮಾಡದ ಮದ್ದು ಸಿಗುವುದು ಕಷ್ಟ.

ಕೀಟೊಕೊನಝೋಲ್ ಮಾತ್ರೆ ಲಿವರಿಗೆ ಮಾಡುವ ಹಾನಿಯ ಕಾರಣಕ್ಕೆ 2013ರಲ್ಲಿ ಅಮೆರಿಕ ಅದರ ಬಳಕೆಯನ್ನು ಬಿಗಿಗೊಳಿಸಿತು, ಯುರೋಪಿನ ಔಷಧ ಸಂಸ್ಥೆ ಶಿಲೀಂಧ್ರ ಸೋಂಕಿಗೆ ಅದು ಬೇಡವೆಂದಿತು. ಅದೇ ಮದ್ದು ಶಾಂಪೂವಾಗಿ, ಮುಲಾಮಾಗಿ ಮಾತ್ರ ಸುರಕ್ಷಿತ. ಹಚ್ಚುವುದಕ್ಕೂ ನುಂಗುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಟರ್ಬಿನಾಫೈನ್ ಲಿವರ್ ಕಾಯಿಲೆ ಇರುವವರಿಗೆ ಒಗ್ಗುವುದಿಲ್ಲ, ಅಪರೂಪಕ್ಕೆ ನಾಲಿಗೆಯ ರುಚಿ ಕೆಡಿಸುತ್ತದೆ. ಇಟ್ರಾಕೊನಝೋಲ್ ಹೃದಯ ದುರ್ಬಲವಾದವರಿಗೆ ಅಪಾಯ. ಕೊಲೆಸ್ಟೆರಾಲ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅವುಗಳ ಪರಿಣಾಮವನ್ನು ಮಿತಿಮೀರಿಸಬಹುದು. ಫ್ಲುಕೊನಝೋಲ್ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆ ಸೇರಿ ಸಕ್ಕರೆ ಒಮ್ಮೆಲೇ ಇಳಿಯುವಂತೆ ಮಾಡಬಹುದು. ಬಸುರಿಯರು ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ಹಾಗೆಂದು ಹೆದರಿ ಬಿಡುವಂತಿಲ್ಲ. ದಿನನಿತ್ಯ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟರೆ ಅರ್ಧ ಅಪಾಯ ಕಳೆಯಿತು. ನುಂಗುವ ಕ್ರಮವೂ ಮುಖ್ಯ. ಇಟ್ರಾಕೊನಝೋಲ್ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ, ಹೊಟ್ಟೆಯ ಹುಳಿ ಅದಕ್ಕೆ ಬೇಕು. ಗ್ರೈಸಿಯೋಫಲ್ವಿನ್ ಜಿಡ್ಡಿನ ಊಟದ ಜೊತೆ ಹೋದರೆ ಒಳ್ಳೆಯದು.

ಮದ್ದು ಶುರುಮಾಡುವ ಮುಂಚೆ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕಲೆಯ ಅಂಚಿನಿಂದ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ನೋವಿಲ್ಲ, ಹೆಚ್ಚು ಹೊತ್ತೂ ಬೇಡ. ಹಾಸನದ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಹೋದಾಗ ಇದನ್ನು ಕೇಳಿ ಮಾಡಿಸಿಕೊಳ್ಳಬಹುದು.

ರೋಗದ ಮರದ ಸುತ್ತ ಕಂದಕ

ಅಣಬೆ ರೋಗದ ಮರದ ಸುತ್ತ ಕಂದಕ ತೋಡಿ ಪಕ್ಕದ ಮರಗಳನ್ನು ಉಳಿಸಿಕೊಳ್ಳುವ ಪದ್ಧತಿ ಇದೆ. ಮನೆಯೊಳಗೆ ಆ ಕಂದಕ ತೋಡದಿದ್ದರೆ ಮುಲಾಮೂ ಸೋಲುತ್ತದೆ, ಮಾತ್ರೆಯೂ ಸೋಲುತ್ತದೆ. ಒಂದೇ ಟವೆಲು, ಒಂದೇ ಸೋಪು, ಒಂದೇ ಹಾಸಿಗೆ ಇರುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಇನ್ನೊಬ್ಬರಿಂದ ಅದು ಮರಳಿ ಬರುತ್ತದೆ. ನವೆಯಿರುವ ಎಲ್ಲರೂ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಜಾಗದ ನಾಚಿಕೆಯಿಂದ ಹೆಣ್ಣುಮಕ್ಕಳು ಹೇಳಿಕೊಳ್ಳದೆ ನರಳುವುದು ನಮ್ಮ ಮನೆಗಳಲ್ಲಿ ತುಂಬ ಇದೆ. ಲಂಗದ ಲಾಡಿ ಬಿಗಿದ ಸೊಂಟದಲ್ಲಿ ಬೆವರು ನಿಂತು ಹುಟ್ಟುವ ಈ ಸೋಂಕಿನಲ್ಲಿ ನಾಚುವಂಥದ್ದೇನೂ ಇಲ್ಲ.

ಉಡಿದಾರ ಕಟ್ಟುವವರು ಗುಣವಾಗುವ ತನಕ ಅದನ್ನು ಬಿಚ್ಚಿಡುವುದು ಲೇಸು. ಸದಾ ಒದ್ದೆಯಾಗಿರುವ ಆ ದಾರ ಶಿಲೀಂಧ್ರದ ತವರು. ಅರಸೀಕೆರೆಯ ಬಿಸಿಲಿನಲ್ಲಿ ದಿನವಿಡೀ ಕಾಯಿ ಸುಲಿಯುವವರಿಗೆ ಬಿಗಿಯಾದ ಜೀನ್ಸ್‌ಗಿಂತ ಸಡಿಲವಾದ ಹತ್ತಿ ಬಟ್ಟೆ ಹಿತ. ಅವರಿಗೆ ಬಟ್ಟೆ ಒಣಗಿಸಲು ಬಿಸಿಲಾದರೂ ಇದೆ. ಬೇಲೂರಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೋಟು, ಗಮ್‌ಬೂಟು ಹಾಕಿ ಕೆಲಸ ಮಾಡುವ ತೋಟದ ಕಾರ್ಮಿಕರಿಗೆ ಅದೂ ಇಲ್ಲ. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಬಚ್ಚಲ ಒಲೆಯ ಕಾವಿನಲ್ಲಾದರೂ ಪೂರ್ತಿ ಒಣಗಿಸಿ, ಒಳಮಗ್ಗುಲಿಗೆ ಇಸ್ತ್ರಿ ಹಾಕಿ ತೊಡಬೇಕು. ಬೆರಳಸಂದಿ ಒರೆಸಿ ಒಣಗಿಸಿದರೆ ಕೆಸರುಹುಣ್ಣು ಅರ್ಧ ತಪ್ಪುತ್ತದೆ. ಕರುವಿನ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದುಬಣ್ಣದ ಹಕ್ಕಳೆ ಕಂಡರೆ ಅದೂ ಹುಳುಕಡ್ಡಿಯೇ, ಮುದ್ದಾಡುವ ಮಕ್ಕಳಿಗೆ ಅಂಟುತ್ತದೆ. ಪಶುವೈದ್ಯರಿಗೆ ತೋರಿಸಿ.

ಕೊನೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಸಣ್ಣ, ಹೊಸ ಕಲೆಗೆ ಸ್ಟೀರಾಯ್ಡ್ ಇಲ್ಲದ ಮುಲಾಮನ್ನು ಸಾಕಷ್ಟು ಅಗಲಕ್ಕೆ, ಸಾಕಷ್ಟು ದಿನ ಹಚ್ಚಿ. ಎರಡು ವಾರದಲ್ಲಿ ತಗ್ಗದಿದ್ದರೆ, ಹಲವು ಕಡೆ ಹಬ್ಬಿದ್ದರೆ, ತಲೆಗೋ ಉಗುರಿಗೋ ಬಂದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚರ್ಮತಜ್ಞರಿಗೆ ತೋರಿಸಿ. ಹಚ್ಚಿದ ಟ್ಯೂಬುಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕೊಟ್ಟ ಮಾತ್ರೆಯನ್ನು ಹೇಳಿದ ದಿನದವರೆಗೆ ನುಂಗಿ. ತೆಂಗಿನ ಮರಕ್ಕೆ, ಕಾಫಿ ಗಿಡಕ್ಕೆ ವರ್ಷವಿಡೀ ಕಾದು ಆರೈಕೆ ಮಾಡುವ ತಾಳ್ಮೆ ನಿಮಗಿದೆ. ಅದರಲ್ಲಿ ಎರಡು ತಿಂಗಳಷ್ಟನ್ನು ನಿಮ್ಮ ಮೈಗೂ ಕೊಡಿ.